ಟಿಪ್ಪರಿನ ಜಲ್ಲಿ, ಕಣದ ರಾಗಿ, ಹೊಂಡದ ನೀರು

ಹೊಸೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಲು ಹೊರಟವರು ಪಾಯ ತೆಗೆಯುವ ಮೊದಲೇ ಕಲಿಯುವ ಮಾತೊಂದಿದೆ: ಯೂನಿಟ್. ಜಲ್ಲಿಯಿರಲಿ, ಎಂ-ಸ್ಯಾಂಡ್ ಇರಲಿ, ತುಂಬುಮಣ್ಣೇ ಇರಲಿ, ತಮಿಳುನಾಡಿನಲ್ಲಿ ವ್ಯಾಪಾರ ಕುದುರುವುದು ಯೂನಿಟ್ ಲೆಕ್ಕದಲ್ಲಿ. ಒಂದು ಯೂನಿಟ್ ಅಂದರೆ 100 ಘನ ಅಡಿ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ ಒಂದಡಿ ಎತ್ತರಕ್ಕೆ ಹರಡಿದರೆ ಎಷ್ಟು ಹಿಡಿಸುತ್ತದೋ ಅಷ್ಟು. ಟಿಪ್ಪರು ಬಂದು ನಿಲ್ಲುತ್ತದೆ. ‘ಅಣ್ಣಾ, ಎರಡೂವರೆ ಯೂನಿಟ್ ಐತೆ, ಮೇಲೆ ಗುಡ್ಡೆನೂ ಹಾಕಿವ್ನಿ’ ಎನ್ನುತ್ತಾನೆ ಡ್ರೈವರು. ಮನೆಯವರು ಮೇಸ್ತ್ರಿಯ ಮುಖ ನೋಡುತ್ತಾರೆ, ಮೇಸ್ತ್ರಿ ಜಲ್ಲಿಯ ಮುಖ ನೋಡುತ್ತಾನೆ. ಅಳೆಯುವವರು ಯಾರೂ ಇಲ್ಲ.

ಅಳೆಯುವುದು ಕಷ್ಟವೇನಲ್ಲ. ಟಿಪ್ಪರಿನ ಬಾಡಿಯ ಒಳ ಉದ್ದ 12 ಅಡಿ, ಒಳ ಅಗಲ 7 ಅಡಿ, ಅಂಚಿನ ಮಟ್ಟಕ್ಕೆ ಎತ್ತರ ಎರಡೂವರೆ ಅಡಿ ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ 210 ಘನ ಅಡಿ, ಅಂದರೆ 2.1 ಯೂನಿಟ್. ಡ್ರೈವರು ಹೇಳಿದ ಎರಡೂವರೆಗೆ ಇನ್ನೂ 40 ಘನ ಅಡಿ ಬೇಕು. ಮೇಲೆ ಒಂದೂವರೆ ಅಡಿಯ ಗುಡ್ಡೆ ಇದೆಯಲ್ಲ, ಅದರಲ್ಲಿ ಎಷ್ಟಿದೆ? ಇದಕ್ಕೆ ಉತ್ತರ ಸ್ವಲ್ಪ ಮುಂದೆ ಸಿಗುತ್ತದೆ. ಅಲ್ಲಿಯವರೆಗೆ ಡ್ರೈವರನ್ನು ಅನುಮಾನಿಸಬೇಡಿ.

ಶಾಲೆಯಲ್ಲಿ ಘನಾಕೃತಿಗಳ ಪಾಠ ಬಂದಾಗ ನಮ್ಮೆದುರಿಗೆ ಬಂದದ್ದು ಹತ್ತು ಹನ್ನೆರಡು ಸೂತ್ರಗಳ ಪಟ್ಟಿ. ಘನಕ್ಕೊಂದು, ಆಯತಘನಕ್ಕೊಂದು, ಸಿಲಿಂಡರಿಗೊಂದು, ಶಂಕುವಿಗೊಂದು. ಪರೀಕ್ಷೆ ಮುಗಿದ ಮಾರನೆಯ ದಿನ ಎಲ್ಲವೂ ಮರೆತುಹೋಯಿತು. ನನ್ನ ಅಭಿಪ್ರಾಯದಲ್ಲಿ ಇಷ್ಟೊಂದು ಸೂತ್ರಗಳ ಅಗತ್ಯವೇ ಇರಲಿಲ್ಲ. ದಿನಬಳಕೆಗೆ ಬೇಕಾದ ಆಕೃತಿಗಳು ಮೂರೇ ಮನೆತನದವು. ಬುಡದಿಂದ ತುದಿಯವರೆಗೆ ಒಂದೇ ದಪ್ಪದಲ್ಲಿ ನೆಟ್ಟಗೆ ಏಳುವವು ಒಂದು ಮನೆತನ, ಮೇಲೆ ಹೋದಂತೆ ಕಿರಿದಾಗಿ ಮೊನೆಗೆ ಮುಗಿಯುವವು ಇನ್ನೊಂದು, ಗುಂಡಾಗಿರುವವು ಮೂರನೆಯದು. ಟಿಪ್ಪರು, ಸಂಪು, ಕೊಳವೆಬಾವಿ, ರಾಗಿ ರಾಶಿ, ಕೃಷಿ ಹೊಂಡ, ಮಾವಿನ ಪಲ್ಪಿನ ಡ್ರಮ್ಮು ಎಲ್ಲವೂ ಇವುಗಳಲ್ಲೇ ಬರುತ್ತವೆ.

ನೆಟ್ಟಗೆ ಏಳುವವು

ಈ ಮನೆತನಕ್ಕೆ ನಿಯಮ ಒಂದೇ: ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿ. ಪಾದ ಚೌಕವಾಗಿದ್ದರೂ ಸರಿ, ಆಯತವಾಗಿದ್ದರೂ ಸರಿ, ವೃತ್ತವೋ ತ್ರಿಕೋನವೋ ಆಗಿದ್ದರೂ ಸರಿ. ಪಾದ ಆಯತವಾದರೆ ಆಯತಘನ, ಎಲ್ಲ ಅಂಚುಗಳೂ ಸಮವಾದರೆ ಘನ, ವೃತ್ತವಾದರೆ ಸಿಲಿಂಡರ್, ತ್ರಿಕೋನವಾದರೆ ತ್ರಿಕೋನ ಪಟ್ಟಕ. ಹೆಸರು ಬೇರೆಯಾದರೂ ಲೆಕ್ಕ ಅದೇ.

ಮನೆಯ ಸಂಪಿನಿಂದ ಶುರು ಮಾಡೋಣ. ಒಳ ಅಳತೆ 6 ಅಡಿ, 5 ಅಡಿ, ಆಳ 5 ಅಡಿ ಇದ್ದರೆ 150 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್ ಲೆಕ್ಕದಲ್ಲಿ ಸುಮಾರು 4,250 ಲೀಟರ್. ಆದರೆ ನೀರು ಬರುವ ಪೈಪು ಮೇಲಿನಿಂದ ಅರ್ಧ ಅಡಿ ಕೆಳಗೆ ಇರುತ್ತದೆ, ಅದರ ಮೇಲಕ್ಕೆ ನೀರು ನಿಲ್ಲುವುದಿಲ್ಲ. ಹಾಗಾಗಿ ಆಳ ನಾಲ್ಕೂವರೆ ಅಡಿ ಎಂದು ಹಿಡಿಯಿರಿ: 3,820 ಲೀಟರ್. ಕಂಟ್ರಾಕ್ಟರು ಹೊರ ಅಳತೆ ಹೇಳಿದರೆ ಇನ್ನೂ ಎಚ್ಚರ ಬೇಕು. ಒಂಬತ್ತಿಂಚಿನ ಗೋಡೆ ಎರಡೂ ಕಡೆ ಸೇರಿ ಒಂದೂವರೆ ಅಡಿ ನುಂಗಿರುತ್ತದೆ.

ಟೇಪು ಹಿಡಿದವರು ಅತಿ ಹೆಚ್ಚು ಎಡವುವ ಜಾಗವೂ ಇದೇ. 6 ಅಡಿ 6 ಇಂಚನ್ನು ಕ್ಯಾಲ್ಕುಲೇಟರಿನಲ್ಲಿ 6.6 ಎಂದು ಒತ್ತುತ್ತಾರೆ. ಅಡಿಗೆ ಹನ್ನೆರಡು ಇಂಚು, ಆದ್ದರಿಂದ ಅದು 6.5. ಮೂರಿಂಚು ಅಂದರೆ 0.25, ಒಂಬತ್ತಿಂಚು ಅಂದರೆ 0.75. ಮೀಟರಿನಲ್ಲಿ ಅಳೆದರೆ ಈ ತೊಂದರೆಯೇ ಇಲ್ಲ. ಒಂದು ಘನ ಮೀಟರ್ ಅಂದರೆ ಸರಿಯಾಗಿ 1,000 ಲೀಟರ್, ಸುಮಾರು 35.3 ಘನ ಅಡಿ.

ಸಿಲಿಂಡರಿಗೆ ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಆಮೇಲೆ ಎತ್ತರದಿಂದ ಗುಣಿಸಿ. ತ್ರಿಜ್ಯ, ಪೈ ಎಲ್ಲ ಅದರೊಳಗೇ ಅಡಗಿವೆ. ಇದನ್ನು ಕೊಳವೆಬಾವಿಗೆ ಹಚ್ಚಿ ನೋಡಿದರೆ ಒಂದು ಅಚ್ಚರಿ ಕಾದಿದೆ. ಆರೂವರೆ ಇಂಚಿನ ಬೋರಿನಲ್ಲಿ ಒಂದಡಿ ನೀರು ನಿಂತರೆ ಅದು ಬರೀ ಆರೂವರೆ ಲೀಟರ್. ನೂರಡಿ ನೀರು ನಿಂತಿದೆ ಎಂದು ಹಿಗ್ಗಿದರೂ ಇರುವುದು 650 ಲೀಟರ್, ತಾರಸಿಯ ಒಂದು ಸಾವಿರ ಲೀಟರ್ ಟ್ಯಾಂಕಿಗೂ ಸಾಲದು. ಅದೇ ಇಪ್ಪತ್ತಡಿ ಅಡ್ಡಳತೆಯ ಹಳೆಯ ತೆರೆದ ಬಾವಿಯಲ್ಲಿ ಒಂದೇ ಅಡಿ ನೀರಿದ್ದರೂ 8,900 ಲೀಟರ್. ಅಷ್ಟು ನೀರನ್ನು ಬೋರಿನ ಕೊಳವೆಯಲ್ಲಿ ನಿಲ್ಲಿಸಬೇಕೆಂದರೆ 1,300 ಅಡಿಗೂ ಹೆಚ್ಚು ಉದ್ದ ಬೇಕು. ಬೋರು ನೀರನ್ನು ಕೂಡಿಡುವ ಪಾತ್ರೆಯಲ್ಲ, ಬಂಡೆಯ ಬಿರುಕಿನಿಂದ ಜಿನುಗುವುದನ್ನು ಮೇಲೆತ್ತುವ ಕೊಳವೆ. ತಳಿ, ಡೆಂಕಣಿಕೋಟೆ ಕಡೆ ಬೋರು ಕೊರೆಸುವವರು ಆಳದ ಜತೆಗೆ ಗಂಟೆಗೆ ಎಷ್ಟು ಲೀಟರ್ ಊರುತ್ತದೆ ಎಂದೂ ಕೇಳಬೇಕಾದದ್ದು ಇದಕ್ಕೇ.

ಅಡ್ಡಳತೆ ಇಮ್ಮಡಿಯಾದರೆ ಸಿಲಿಂಡರಿನ ಹೊಟ್ಟೆ ನಾಲ್ಕು ಪಟ್ಟಾಗುತ್ತದೆ. ಎರಡಿಂಚಿನ ಪೈಪಿನ ಬಾಯಿ ಒಂದಿಂಚಿನ ನಾಲ್ಕು ಪೈಪುಗಳಿಗೆ ಸಮ. ಕಬ್ಬಿಣದ ಕಂಬಿಯಲ್ಲೂ ಇದೇ ಕತೆ. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕಿಲೋದಲ್ಲಿ ಬರುತ್ತದೆ. 12 ಎಂಎಂ ಕಂಬಿಗೆ 144 ಭಾಗಿಸು 162, ಅಂದರೆ ಮೀಟರಿಗೆ 890 ಗ್ರಾಂ. 12 ಮೀಟರಿನ ಒಂದು ಕಂಬಿ ಹತ್ತಿರಹತ್ತಿರ 10.7 ಕಿಲೋ ತೂಗಬೇಕು. ಮೇಸ್ತ್ರಿಗಳಿಗೆ ಬಾಯಿಪಾಠವಾಗಿರುವ ಈ 162 ಎಲ್ಲಿಂದ ಬಂತು ಎಂದರೆ, ಸಿಲಿಂಡರಿನ ಘನಫಲಕ್ಕೆ ಉಕ್ಕಿನ ಸಾಂದ್ರತೆಯನ್ನು (ಘನ ಮೀಟರಿಗೆ 7,850 ಕಿಲೋ) ಸೇರಿಸಿ ಸರಳ ಮಾಡಿದಾಗ ಉಳಿಯುವ ಅಂಕಿ ಅದು. ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ಕ್ವಾರಿಯಲ್ಲೂ ಹೀಗೆಯೇ. ಎರಡೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 1.2 ಮೀಟರ್ ಎತ್ತರದ ದಿಮ್ಮಿ ನಾಲ್ಕೂವರೆ ಘನ ಮೀಟರ್. ಗ್ರಾನೈಟಿನ ಘನ ಮೀಟರೊಂದು ಸುಮಾರು 2.7 ಟನ್ ತೂಗುವುದರಿಂದ ದಿಮ್ಮಿಯ ತೂಕ 12 ಟನ್ ದಾಟುತ್ತದೆ. ಕ್ರೇನು ಕರೆಸುವ ಮೊದಲು ಮಾಡಬೇಕಾದ ಲೆಕ್ಕವಿದು.

ನೀರಿನ ಟ್ಯಾಂಕರಿನದು ಮಲಗಿಸಿದ ಸಿಲಿಂಡರು. ಹಲವು ಟ್ಯಾಂಕರುಗಳ ಮುಖ ಪೂರ್ತಿ ದುಂಡಗಿರದೆ ಮೊಟ್ಟೆಯಂತೆ ಅಗಲವಾಗಿರುತ್ತದೆ. ಅದಕ್ಕೆ ಅಗಲ, ಎತ್ತರ, ಉದ್ದ ಮೂರನ್ನೂ ಗುಣಿಸಿ 0.785ರಿಂದ ಗುಣಿಸಿದರೆ ಆಯಿತು. ಅಗಲ 6, ಎತ್ತರ 4, ಉದ್ದ 9 ಅಡಿ ಬಂದರೆ ಸುಮಾರು 4,800 ಲೀಟರ್. ಇಂಥ ಟ್ಯಾಂಕಿನ ಮೇಲೆ 6,000 ಎಂದು ಬರೆದಿದ್ದರೆ ಕೇಳಬೇಕಾದ ಪ್ರಶ್ನೆಯೊಂದು ಉಳಿಯಿತು ಎಂದೇ ಅರ್ಥ. ಕಡ್ಡಿ ಅದ್ದಿ ನೋಡುವಾಗಲೂ ಒಂದು ಮೋಸವಿದೆ. ಕಡ್ಡಿ ಅರ್ಧ ಒದ್ದೆಯಾದರೆ ನೀರು ಅರ್ಧ ಇದೆ, ಸರಿ. ಕಾಲು ಭಾಗ ಒದ್ದೆಯಾದರೆ ನೀರು ಕಾಲು ಭಾಗ ಇರುವುದಿಲ್ಲ, ನೂರಕ್ಕೆ ಇಪ್ಪತ್ತಕ್ಕಿಂತ ತುಸು ಕಡಿಮೆ ಇರುತ್ತದೆ. ಟ್ಯಾಂಕಿನ ತಳ ಬಾಗಿ ಕಿರಿದಾಗಿರುವುದೇ ಕಾರಣ.

ಮೊನೆಗೆ ಮುಗಿಯುವವು

ಕಾಗದದಲ್ಲಿ ಒಂದು ಸಿಲಿಂಡರ್ ಮಾಡಿ. ಅದೇ ಬಾಯಿ, ಅದೇ ಎತ್ತರದ ಒಂದು ಪೊಟ್ಟಣವನ್ನೂ ಸುತ್ತಿ. ಪೊಟ್ಟಣದಲ್ಲಿ ತಲೆ ಸವರಿ ರಾಗಿ ತುಂಬಿ ಸಿಲಿಂಡರಿಗೆ ಸುರಿಯಿರಿ. ಸರಿಯಾಗಿ ಮೂರು ಸಲ ಸುರಿದರೆ ಸಿಲಿಂಡರ್ ತುಂಬುತ್ತದೆ. ಮೊನೆಗೆ ಮುಗಿಯುವ ಮನೆತನಕ್ಕೆಲ್ಲ ಈ ಮೂರನೇ ಒಂದೇ ನಿಯಮ: ಪಾದದ ವಿಸ್ತೀರ್ಣ, ಎತ್ತರ, ಭಾಗಿಸು ಮೂರು. ದುಂಡು ಪಾದದ ಶಂಕುವಿಗೂ, ಚೌಕ ಪಾದದ ಪಿರಮಿಡ್ಡಿಗೂ, ಆಯತ ಪಾದದ ಗುಡ್ಡೆಗೂ ಇದು ಒಂದೇ.

ಈಗ ಟಿಪ್ಪರಿಗೆ ವಾಪಸು ಬನ್ನಿ. ಬಾಡಿಯ ಮೇಲಿನ ಒಂದೂವರೆ ಅಡಿ ಗುಡ್ಡೆ ನಡುವಿನ ಒಂದು ಮೊನೆಗೆ ಮುಗಿದಿದ್ದರೆ ಅದರ ಘನಫಲ 12×7×1.5 ಭಾಗಿಸು 3, ಅಂದರೆ 42 ಘನ ಅಡಿ. 210ಕ್ಕೆ 42 ಸೇರಿಸಿದರೆ 252. ಡ್ರೈವರು ಹೇಳಿದ್ದು ಸರಿಯಾಗಿಯೇ ಇತ್ತು! ಆದರೆ ಬಾಡಿಯ ಅಂಚಿಗಿಂತ ಮೂರಿಂಚು ಕೆಳಗೇ ತುಂಬಿದ್ದರೆ ಅಷ್ಟಕ್ಕೇ 21 ಘನ ಅಡಿ ಖೋತಾ, ಯೂನಿಟ್ಟಿನ ಐದನೇ ಒಂದು ಪಾಲು. ಅದಕ್ಕೆ ನಾಲ್ಕು ಮೂಲೆಯಲ್ಲಿ ಮತ್ತು ನಡುವೆ ಒಂದು ಸರಳು ಚುಚ್ಚಿ ಆಳ ನೋಡುವುದು ಒಳ್ಳೆಯದು. ಕೆಲವು ಬಾಡಿಗಳ ಮುಂಭಾಗದಲ್ಲಿ ಜಾಕಿಗಾಗಿ ಬಿಟ್ಟ ಉಬ್ಬು ಇರುತ್ತದೆ, ಅದನ್ನೂ ಕಳೆಯಬೇಕು. ಇನ್ನು ಮರಳಿನ ವಿಷಯ. ಒಣ ಮರಳಿಗೆ ತುಸು ನೀರು ಬಿದ್ದರೆ ಕಣಗಳ ನಡುವೆ ತೇವದ ಪೊರೆ ನಿಂತು ಅದು ಉಬ್ಬುತ್ತದೆ, ಕಾಲು ಭಾಗದಷ್ಟು ಹೆಚ್ಚು ಜಾಗ ಹಿಡಿಯುವುದೂ ಉಂಟು. ತೇವದ ಮರಳನ್ನು ಯೂನಿಟ್ಟಿನಲ್ಲಿ ಕೊಳ್ಳುವವರು ಈ ಉಬ್ಬಿಗೂ ದುಡ್ಡು ಕೊಡುತ್ತಿರುತ್ತಾರೆ.

ಜಲ್ಲಿ ರಸ್ತೆ ಬದಿಗೆ ಬಿದ್ದ ಮೇಲೆ ಅಳೆಯುವುದು ಹೇಗೆ? ಅದಕ್ಕೊಂದು ಹಳೆಯ ಉಪಾಯವಿದೆ, ಬೇಕಾದದ್ದು ಒಂದು ಹಗ್ಗ ಮಾತ್ರ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಧಾನ್ಯದ ರಾಶಿಯ ಲೆಕ್ಕಕ್ಕೇ ಒಂದು ಪ್ರಕರಣವಿದೆ. ರಾಶಿಯ ಬುಡದ ಸುತ್ತಳತೆಯನ್ನು ಆರರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿದರೆ ಘನಫಲ. ರಾಶಿಯ ನಡುವಿಗೆ ಹೋಗಿ ತ್ರಿಜ್ಯ ಅಳೆಯಲು ಯಾರಿಗೂ ಆಗದು, ಸುತ್ತಳತೆಯನ್ನಾದರೆ ಯಾರು ಬೇಕಾದರೂ ಅಳೆಯಬಹುದು. ಈ ಲೆಕ್ಕದಲ್ಲಿ ಪೈ ಬೆಲೆಯನ್ನು ಮೂರೆಂದು ಹಿಡಿದಿರುವುದರಿಂದ ಉತ್ತರ ನೂರಕ್ಕೆ ಸುಮಾರು ಐದರಷ್ಟು ಹೆಚ್ಚು ಬರುತ್ತದೆ. ಅದನ್ನು ಸರಿಪಡಿಸಬೇಕೆಂದರೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, 38ರಿಂದ ಭಾಗಿಸಿ. 36 ಅಡಿ ಸುತ್ತಳತೆ, 4 ಅಡಿ ಎತ್ತರದ ಜಲ್ಲಿ ಗುಡ್ಡೆಗೆ ಹಳೆಯ ಲೆಕ್ಕ 144 ಘನ ಅಡಿ ಕೊಡುತ್ತದೆ, ತಿದ್ದಿದ ಲೆಕ್ಕ 136.

ಎತ್ತರ ಅಳೆಯುವುದೂ ಬೇಡ ಎನ್ನುವಷ್ಟು ಜಾಣತನ ಆ ಪ್ರಕರಣದಲ್ಲಿದೆ. ದಪ್ಪ ಕಾಳಿನ ರಾಶಿಯ ಎತ್ತರ ಸುತ್ತಳತೆಯ ಹತ್ತನೇ ಒಂದು ಭಾಗ, ಸಣ್ಣ ಕಾಳಿನದು ಹನ್ನೊಂದನೇ ಒಂದು, ಭತ್ತದಂಥ ಮೊನೆಯುಳ್ಳ ಧಾನ್ಯದ್ದು ಒಂಬತ್ತನೇ ಒಂದು. ಮೊನೆಯುಳ್ಳ ಕಾಳು ಒಂದಕ್ಕೊಂದು ಕಚ್ಚಿಕೊಂಡು ಕಡಿದಾಗಿ ನಿಲ್ಲುತ್ತದೆ, ರಾಗಿಯಂಥ ನುಣುಪಾದ ಸಣ್ಣ ಕಾಳು ಜಾರಿ ಹರಡಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಈ ಮೂರು ಭಾಗಗಳು ಇಳಿಜಾರಿನಲ್ಲಿ ಸುಮಾರು 32, 30 ಮತ್ತು 35 ಡಿಗ್ರಿಗೆ ಬರುತ್ತವೆ. ಕಣದಲ್ಲಿ ನಿಂತು ನೋಡಿದವರು ಮಾತ್ರ ಹೇಳಬಲ್ಲ ಮಾತಿದು.

ನಿಮ್ಮ ಕಣದಲ್ಲೇ ಪರೀಕ್ಷಿಸಿ. ರಾಗಿ ರಾಶಿಯ ಸುತ್ತಳತೆ 33 ಅಡಿ ಬಂದರೆ ಎತ್ತರ 3 ಅಡಿಯ ಆಸುಪಾಸು ಇರಬೇಕು. 33×33×3 ಭಾಗಿಸು 38, ಅಂದರೆ 86 ಘನ ಅಡಿ, 2,430 ಲೀಟರಿಗೆ ಹತ್ತಿರ. ಒಂದು ಲೀಟರ್ ಪಾತ್ರೆಯಲ್ಲಿ ಅದೇ ರಾಗಿಯನ್ನು ತಲೆ ಸವರಿ ತುಂಬಿ ತೂಗಿ. 700 ಗ್ರಾಂ ಬಂತೆನ್ನಿ, ರಾಶಿ 17 ಕ್ವಿಂಟಲ್. ಚೀಲಕ್ಕೆ ತುಂಬುವ ಮೊದಲೇ ಎಷ್ಟು ಚೀಲ ಬೇಕು, ಯಾವ ಗಾಡಿ ಬೇಕು ಎಂದು ಗೊತ್ತಾಗುತ್ತದೆ. ಪಾತ್ರೆಗೆ ತುಂಬುವಾಗ ತಲೆ ಸವರಿ ಎಂದದ್ದನ್ನು ಮರೆಯಬೇಡಿ. ಸೇರು, ಬಳ್ಳ, ಕೊಳಗಗಳ ಕಾಲದಲ್ಲಿ ಜಗಳಗಳೆಲ್ಲ ಏಳುತ್ತಿದ್ದದ್ದು ಪಾತ್ರೆಯ ಮೇಲೆ ಕೂರುವ ಆ ಪುಟ್ಟ ಶಂಕುವಿನ ಬಗ್ಗೆಯೇ.

ರಾಶಿ ಗೋಡೆಗೆ ಒರಗಿದ್ದರೆ ಅದು ಅರ್ಧ ಶಂಕು. ಹಗ್ಗದ ಅಳತೆಯನ್ನು ಇಮ್ಮಡಿ ಮಾಡಿ ಪೂರ್ಣ ರಾಶಿಯ ಲೆಕ್ಕ ಹಾಕಿ, ಬಂದದ್ದನ್ನು ಅರ್ಧ ಮಾಡಿ. ಎರಡು ಗೋಡೆಗಳ ಮೂಲೆಯಲ್ಲಿದ್ದರೆ ನಾಲ್ಕರಿಂದ ಗುಣಿಸಿ, ಕೊನೆಗೆ ನಾಲ್ಕರಿಂದ ಭಾಗಿಸಿ. ಇದೂ ಲೀಲಾವತಿಯ ಉಪಾಯವೇ.

ಬಾಯಿ ಅಗಲ, ಬುಡ ಕಿರಿದು

ದುಡ್ಡು ಅತಿ ಹೆಚ್ಚು ಸೋರುವುದು ಇಲ್ಲಿ. ಕೃಷಿ ಹೊಂಡ ತೋಡಿಸುವಾಗ ಮಣ್ಣು ಕುಸಿಯಬಾರದೆಂದು ಬದಿಗಳನ್ನು ಇಳಿಜಾರಾಗಿ ಬಿಡುತ್ತಾರೆ. ಮೇಲೆ 20 ಮೀಟರ್ ಚೌಕ, ತಳದಲ್ಲಿ 14 ಮೀಟರ್ ಚೌಕ, ಆಳ 2 ಮೀಟರ್. ಇದು ಮೊನೆ ಕತ್ತರಿಸಿ ತಲೆಕೆಳಗೆ ಮಾಡಿದ ಪಿರಮಿಡ್. ಜೆಸಿಬಿಯವರು ಮೇಲಿನ ಅಳತೆ ಹಿಡಿದು 20×20×2 ಎಂದು 800 ಘನ ಮೀಟರಿಗೆ ಬಿಲ್ಲು ಹಾಕಿದರೆ ಎಷ್ಟು ಜಾಸ್ತಿ ಕೊಟ್ಟಂತಾಗುತ್ತದೆ?

ಈ ಪ್ರಶ್ನೆಗೆ ಉತ್ತರ ನಮ್ಮ ನೆಲದಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಇತ್ತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊಂಬುಜದಿಂದ ಬಂದಿದೆ. ಗುಂಡಿಗಳ ಲೆಕ್ಕಕ್ಕೆಂದೇ ಅದರಲ್ಲಿ ಖಾತವ್ಯವಹಾರ ಎಂಬ ಅಧ್ಯಾಯವಿದೆ. ಆಚಾರ್ಯರು ಮೊದಲು ಎರಡು ಒರಟು ಲೆಕ್ಕಗಳನ್ನು ಕೊಡುತ್ತಾರೆ. ಮೇಲಿನ ಮತ್ತು ಕೆಳಗಿನ ಅಳತೆಗಳ ಸರಾಸರಿ ತೆಗೆದು, ಅದರಿಂದ ವಿಸ್ತೀರ್ಣ ಮಾಡಿ, ಆಳದಿಂದ ಗುಣಿಸುವುದು ಕರ್ಮಾಂತಿಕ. ಎರಡೂ ಕಡೆಯ ವಿಸ್ತೀರ್ಣಗಳ ಸರಾಸರಿ ತೆಗೆದು ಆಳದಿಂದ ಗುಣಿಸುವುದು ಔಂಡ್ರ. ಮೊದಲನೆಯದು ಕಡಿಮೆ ಬರುತ್ತದೆ, ಎರಡನೆಯದು ಹೆಚ್ಚು. ಎರಡರ ವ್ಯತ್ಯಾಸದ ಮೂರನೇ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಸೇರಿಸಿದರೆ ಸೂಕ್ಷ್ಮ ಫಲ.

ನಮ್ಮ ಹೊಂಡಕ್ಕೆ ಹಾಕಿ ನೋಡಿ. 20 ಮತ್ತು 14ರ ಸರಾಸರಿ 17, 17×17×2 ಅಂದರೆ 578. ವಿಸ್ತೀರ್ಣಗಳು 400 ಮತ್ತು 196, ಸರಾಸರಿ 298, ಗುಣಿಸು 2, ಅಂದರೆ 596. ವ್ಯತ್ಯಾಸ 18, ಅದರ ಮೂರನೇ ಒಂದು 6. ಹೊಂಡ 584 ಘನ ಮೀಟರ್. ಇಂದಿನ ಪಠ್ಯಪುಸ್ತಕದ ಸೂತ್ರವೂ ಕೂದಲೆಳೆ ವ್ಯತ್ಯಾಸವಿಲ್ಲದೆ ಇದೇ ಉತ್ತರ ಕೊಡುತ್ತದೆ. 800ರ ಬಿಲ್ಲಿನಲ್ಲಿ 216 ಘನ ಮೀಟರ್ ತೋಡದೇ ಇದ್ದ ಮಣ್ಣು. ಹೊಂಡ ಸಣ್ಣದಿದ್ದರೆ ಕರ್ಮಾಂತಿಕವೇ ಸಾಕು, ಮೇಸ್ತ್ರಿಯ ಜತೆ ನಿಂತುಕೊಂಡೇ ಹಾಕಬಹುದಾದ ಲೆಕ್ಕ ಅದು. ಇನ್ನೊಂದು ಮಾತು: ತೋಡಿದ ಮಣ್ಣು ಸಡಿಲವಾಗಿ ಉಬ್ಬುವುದರಿಂದ ಹೊರಗೆ ಬಿದ್ದ ಗುಡ್ಡೆ ಗುಂಡಿಗಿಂತ ದೊಡ್ಡದಾಗಿ ಕಾಣುತ್ತದೆ. ಗುಡ್ಡೆ ತೋರಿಸಿ ಲೆಕ್ಕ ಹೇಳಿದರೆ ಒಪ್ಪಬೇಡಿ, ಗುಂಡಿಯನ್ನೇ ಅಳೆಯಿರಿ.

ಕೃಷ್ಣಗಿರಿಯ ಮಾವಿನ ಪಲ್ಪ್ ಕಾರ್ಖಾನೆಗಳಿಂದ ತೋತಾಪುರಿ ಪಲ್ಪು ಹೊರದೇಶಕ್ಕೆ ಹೋಗುವುದು 215 ಕಿಲೋ ತುಂಬುವ ಉಕ್ಕಿನ ಡ್ರಮ್ಮುಗಳಲ್ಲಿ. ಹಲವು ಡ್ರಮ್ಮುಗಳು ಬಾಯಿ ತುಸು ಅಗಲ, ಬುಡ ತುಸು ಕಿರಿದಾಗಿ ಮೊನೆ ಕತ್ತರಿಸಿದ ಶಂಕುವಿನಂತಿರುತ್ತವೆ. ಒಂದೇ ಎತ್ತರ, ಒಂದೇ ಬಾಯಿಯ ನೇರ ಸಿಲಿಂಡರ್ ಇನ್ನೂ ಹೆಚ್ಚು ಹಿಡಿಸುತ್ತಿತ್ತು. ಆದರೂ ಈ ಆಕಾರವೇ ಯಾಕೆಂದರೆ ಖಾಲಿ ಡ್ರಮ್ಮುಗಳು ಒಂದರೊಳಗೊಂದು ಕೂರುತ್ತವೆ. ನೇರ ಡ್ರಮ್ಮುಗಳಾದರೆ ಲಾರಿಯಲ್ಲಿ ಬರೀ ಗಾಳಿ ಸಾಗಿಸಿದಂತೆ.

ಅಣೆಕಟ್ಟಿನ ಸುದ್ದಿ ಓದುವಾಗಲೂ ಇದೇ ಆಕೃತಿ ನೆನಪಿರಲಿ. ನಂದಿಬೆಟ್ಟದ ಕಡೆಯಿಂದ ಹರಿದು ಹೊಸೂರಿನ ಕೆಲವರಪಳ್ಳಿ ಜಲಾಶಯ ದಾಟಿ ಬರುವ ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೃಷ್ಣಗಿರಿ ಅಣೆಕಟ್ಟಿನ ಪೂರ್ಣಮಟ್ಟ 52 ಅಡಿ. 26 ಅಡಿ ನೀರಿದೆ ಎಂದು ಪತ್ರಿಕೆಯಲ್ಲಿ ಬಂದರೆ ಅರ್ಧ ತುಂಬಿದೆ ಎಂದುಕೊಳ್ಳುತ್ತೇವೆ. ಕಣಿವೆ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ. ಅದು ಪಕ್ಕಾ ತಲೆಕೆಳಗಾದ ಶಂಕುವೇ ಆಗಿದ್ದರೆ ಅರ್ಧ ಎತ್ತರದಲ್ಲಿ ಇರುವುದು ಎಂಟನೇ ಒಂದು ಪಾಲು ನೀರು ಮಾತ್ರ. ನಿಜವಾದ ಕಣಿವೆ ಅಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ, ಆದರೂ ಅರ್ಧಕ್ಕಿಂತ ಬಹಳ ಕಡಿಮೆ ಎನ್ನುವುದು ಖಚಿತ. ಅಂದಹಾಗೆ, ಕಾವೇರಿ ವಿವಾದದಲ್ಲಿ ಕೇಳಿ ಕೇಳಿ ಬೇಸತ್ತ ಟಿಎಂಸಿಯೂ ಒಂದು ಘನಾಕೃತಿಯೇ: ಸಾವಿರ ಅಡಿ ಉದ್ದ, ಸಾವಿರ ಅಡಿ ಅಗಲ, ಸಾವಿರ ಅಡಿ ಎತ್ತರದ ಘನ.

ಗುಂಡನೆಯವು

ಒಂದು ಚೆಂಡು ಬಿಗಿಯಾಗಿ ಕೂರುವ ಡಬ್ಬ ತೆಗೆದುಕೊಳ್ಳಿ, ಎತ್ತರವೂ ಚೆಂಡಿನಷ್ಟೇ ಇರಲಿ. ಡಬ್ಬದ ಮೂರರಲ್ಲಿ ಎರಡು ಪಾಲು ಚೆಂಡು, ಒಂದು ಪಾಲು ಖಾಲಿ. ಇದನ್ನು ಕಂಡುಹಿಡಿದ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ತನ್ನ ಗೋರಿಯ ಮೇಲೆ ಈ ಚಿತ್ರವನ್ನೇ ಕೆತ್ತಿಸಬೇಕೆಂದು ಬಯಸಿದ್ದನಂತೆ. ಅದೇ ಡಬ್ಬದ ಅಳತೆಯ ಶಂಕುವನ್ನೂ ಜತೆಗಿಟ್ಟರೆ ಶಂಕು, ಗೋಳ, ಸಿಲಿಂಡರ್ ಮೂರೂ 1, 2, 3ರ ಲೆಕ್ಕದಲ್ಲಿ ನಿಲ್ಲುತ್ತವೆ. ಮಹಾವೀರಾಚಾರ್ಯರು ಗೋಳಕ್ಕೂ ಒಂದು ಒರಟು ಲೆಕ್ಕ, ಒಂದು ಸೂಕ್ಷ್ಮ ಲೆಕ್ಕ ಕೊಟ್ಟಿದ್ದಾರೆ. ಹೊಂಡದಲ್ಲಿ ಅವರು ಮುಟ್ಟಿದ ನಿಖರತೆ ಇಲ್ಲಿ ಸಿಗಲಿಲ್ಲ, ಸೂಕ್ಷ್ಮವೂ ನೂರಕ್ಕೆ ಮೂರರಷ್ಟು ಕಡಿಮೆ ಬರುತ್ತದೆ. ಲೀಲಾವತಿಯಲ್ಲಿ ಅದು ಸರಿಹೋಯಿತು: ಗೋಳದ ಮೇಲ್ಮೈ ಅದರ ನಡುವೆ ಕೊಯ್ದ ವೃತ್ತದ ನಾಲ್ಕರಷ್ಟು, ಆ ಮೇಲ್ಮೈಯನ್ನು ಅಡ್ಡಳತೆಯಿಂದ ಗುಣಿಸಿ ಆರರಿಂದ ಭಾಗಿಸಿದರೆ ಘನಫಲ.

ಮಾರುಕಟ್ಟೆಗೆ ಬೇಕಾದದ್ದು ಬೇರೆ ಗುಣ. ರಾಯಕೋಟೆಯ ಟೊಮೆಟೊ ಮಂಡಿಯಲ್ಲಿ ಐದು ಸೆಂಟಿಮೀಟರಿನ ಹಣ್ಣು, ಆರು ಸೆಂಟಿಮೀಟರಿನ ಹಣ್ಣು ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದು. 5×5×5 ಅಂದರೆ 125, 6×6×6 ಅಂದರೆ 216. ಒಂದೇ ಸೆಂಟಿಮೀಟರಿಗೆ ಹಣ್ಣು ಮುಕ್ಕಾಲು ಪಾಲಿನಷ್ಟು ದೊಡ್ಡದಾಗಿದೆ. ಮಾವು, ದಾಳಿಂಬೆಗಳನ್ನು ಎಣಿಕೆಯ ಮೇಲೆ ಕೊಳ್ಳುವವರು ಬೆರಳಿನಷ್ಟು ದಪ್ಪ ಹೆಚ್ಚಿದ್ದನ್ನು ಆರಿಸಿದರೆ ಗೆದ್ದಂತೆಯೇ. ಇನ್ನು ಕ್ರೇಟಿನ ವಿಷಯ. ಒಂದೇ ಗಾತ್ರದ ಗುಂಡುಗಳನ್ನು ಸುಮ್ಮನೆ ಸುರಿದು ಅಲುಗಿಸಿದರೆ ಪೆಟ್ಟಿಗೆಯ ನೂರಕ್ಕೆ 64 ಭಾಗ ತುಂಬುತ್ತದೆ, ಉಳಿದದ್ದು ಸಂದಿ. ಹಣ್ಣು ಸಣ್ಣದೋ ದೊಡ್ಡದೋ ಎನ್ನುವುದರಿಂದ ಈ ಅಂಕಿ ಹೆಚ್ಚು ಬದಲಾಗದು, ಹಾಗಾಗಿ ಕ್ರೇಟಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಹಣ್ಣಿನಂಗಡಿಯವರು ಗೋಪುರ ಪೇರಿಸುವಂತೆ ಒಂದೊಂದೇ ಜೋಡಿಸಿದರೆ 74ರವರೆಗೆ ಹೋಗಬಹುದು, ಅದಕ್ಕಿಂತ ಮೇಲಿಲ್ಲ. 1611ರಲ್ಲಿ ಕೆಪ್ಲರ್ ಊಹಿಸಿದ ಈ ಮಾತನ್ನು ಥಾಮಸ್ ಹೇಲ್ಸ್ ಸಾಧಿಸಿ ತೋರಿಸಿದ್ದು 1998ರಲ್ಲಿ.

ಹೊರಮೈ ಲೆಕ್ಕ

ಒಳಗೆ ಎಷ್ಟು ಹಿಡಿಸುತ್ತದೆ ಎನ್ನುವುದು ಒಂದು, ಹೊರಗೆ ಎಷ್ಟು ಹೊದಿಸಬೇಕು ಎನ್ನುವುದು ಇನ್ನೊಂದು. ಖರ್ಚು ಬೀಳುವುದು ಹೆಚ್ಚಾಗಿ ಎರಡನೆಯದಕ್ಕೆ. 6 ಅಡಿ ಘನದ ಸಂಪು 216 ಘನ ಅಡಿ ಹಿಡಿಯುತ್ತದೆ, ಗೋಡೆ, ನೆಲ, ಚಾವಣಿ ಸೇರಿ 216 ಚದರ ಅಡಿ. 12 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಸಂಪೂ 216 ಘನ ಅಡಿಯೇ ಹಿಡಿಯುತ್ತದೆ, ಹೊದಿಕೆ ಮಾತ್ರ 252 ಚದರ ಅಡಿ. ಅದೇ ನೀರಿಗೆ ನೂರಕ್ಕೆ ಹದಿನೇಳರಷ್ಟು ಹೆಚ್ಚು ಇಟ್ಟಿಗೆ, ಸಿಮೆಂಟು. ಪೆಟ್ಟಿಗೆಗಳಲ್ಲಿ ಘನವೇ ಅಗ್ಗ. ನಮ್ಮ ಕಡೆಯ ನೆಲದಲ್ಲಿ ನಾಲ್ಕಡಿಗೇ ಬಂಡೆ ತಗುಲಿದರೆ ಈ ಲೆಕ್ಕ ಮರೆತು ಅಗಲಕ್ಕೇ ಹೋಗಿ, ಬಂಡೆ ಒಡೆಸುವ ಕೂಲಿ ಇಟ್ಟಿಗೆಗಿಂತ ದುಬಾರಿ.

ಎಲ್ಲ ಆಕೃತಿಗಳಲ್ಲಿ ಅತಿ ಕಡಿಮೆ ಹೊರಮೈ ಇರುವುದು ಗೋಳಕ್ಕೆ. ಹತ್ತು ಸೆಂಟಿಮೀಟರ್ ಅಡ್ಡಳತೆಯ ರಾಗಿ ಮುದ್ದೆಯ ಮೇಲ್ಮೈ 314 ಚದರ ಸೆಂಟಿಮೀಟರ್. ಅದೇ ಹಿಟ್ಟಿನಲ್ಲಿ ಐದು ಸೆಂಟಿಮೀಟರಿನ ಎಂಟು ಪುಟ್ಟ ಮುದ್ದೆ ಕಟ್ಟಿದರೆ ಒಟ್ಟು 628, ಎರಡರಷ್ಟು. ಬಿಸಿ ಆರುವುದು ಮೇಲ್ಮೈಯಿಂದ. ತಡವಾಗಿ ಬರುವವರಿಗೆ ದೊಡ್ಡ ಮುದ್ದೆ ಕಟ್ಟಿಡಿ, ಮಕ್ಕಳಿಗೆ ಚಿಕ್ಕದು.

ಗುಲಾಬಿ, ತರಕಾರಿ ನರ್ಸರಿಯ ಮಡಿಗಳ ಮೇಲೆ ಕಮಾನಿನ ಪ್ಲಾಸ್ಟಿಕ್ ಹೊದಿಸುವವರಿಗೆ ಬೇಕಾದದ್ದು ಅರ್ಧ ಸಿಲಿಂಡರಿನ ಹೊರಮೈ. ಮಡಿಯ ಅಗಲವನ್ನು 1.57ರಿಂದ ಗುಣಿಸಿ. ನಾಲ್ಕಡಿ ಅಗಲಕ್ಕೆ 6.3 ಅಡಿ, ಎರಡೂ ಬದಿ ಮಣ್ಣಲ್ಲಿ ಹೂಳಲು ತಲಾ ಒಂದಡಿ ಸೇರಿಸಿದರೆ 8.3 ಅಡಿ ಅಗಲದ ಹಾಳೆ ಬೇಕು. ಎಂಟಡಿಯದು ಕೊಂಡು ಆಮೇಲೆ ಎಳೆದಾಡುವುದು ಬೇಡ.

ಕಡಲೆಕಾಳು, ಪೊರಕೆಕಡ್ಡಿ

ಮಕ್ಕಳಿಗೆ ಮುಖ, ಅಂಚು, ಶೃಂಗ ಹೇಳಿಕೊಡಲು ಚಾರ್ಟು ಬೇಡ. ರಾತ್ರಿ ನೆನೆಸಿದ ಕಡಲೆಕಾಳು, ಒಂದೇ ಉದ್ದಕ್ಕೆ ಮುರಿದ ಪೊರಕೆಕಡ್ಡಿ ಸಾಕು. ಕಾಳು ಶೃಂಗ, ಕಡ್ಡಿ ಅಂಚು, ನಡುವಿನ ಬಯಲು ಮುಖ. ಘನಕ್ಕೆ 8 ಕಾಳು, 12 ಕಡ್ಡಿ, 6 ಮುಖ. ಚೌಕ ಪಿರಮಿಡ್ಡಿಗೆ 5 ಕಾಳು, 8 ಕಡ್ಡಿ, 5 ಮುಖ. ತ್ರಿಕೋನ ಪಟ್ಟಕಕ್ಕೆ 6 ಕಾಳು, 9 ಕಡ್ಡಿ, 5 ಮುಖ. ಯಾವುದರಲ್ಲೇ ಆಗಲಿ, ಕಾಳು ಮತ್ತು ಮುಖಗಳನ್ನು ಕೂಡಿಸಿ ಕಡ್ಡಿಗಳನ್ನು ಕಳೆದರೆ ಎರಡೇ ಉಳಿಯುತ್ತದೆ. 18ನೇ ಶತಮಾನದಲ್ಲಿ ಆಯ್ಲರ್ ಗುರುತಿಸಿದ ನಿಯಮವಿದು. ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟಕ್ಕೆ ಹೋದಾಗ ಗುಡಿಯ ಗೋಪುರ ತೋರಿಸಿ ಕೇಳಿ: ಆಯತ ಪಾದದ, ಮೊನೆ ಕತ್ತರಿಸಿದ ಪಿರಮಿಡ್ಡಿನ ಮೇಲೆ ಮಲಗಿರುವುದು ಯಾವ ಆಕೃತಿ? ಗಾಡಿಯ ಕಮಾನಿನಂತಿರುವ ಅರ್ಧ ಸಿಲಿಂಡರು ಎಂದು ಒಂದಿಬ್ಬರಾದರೂ ಹೇಳುತ್ತಾರೆ.

ಕಡಲೆಕಾಳಿನ ಘನ ಮಾಡಿದ ಮಗು ಅದನ್ನು ಕೈಯಲ್ಲಿ ಹಿಡಿದ ಕೂಡಲೇ ಅದು ಓಲಾಡುತ್ತದೆ, ಒತ್ತಿದರೆ ವಾಲುತ್ತದೆ. ನಾಲ್ಕು ಕಾಳು, ಆರು ಕಡ್ಡಿಯ ತ್ರಿಕೋನ ಪಿರಮಿಡ್ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಚೌಕ ಜರುಗುತ್ತದೆ, ತ್ರಿಕೋನ ಜರುಗದು. ಘನದ ಆರೂ ಮುಖಗಳಿಗೆ ಮೂಲೆಯಿಂದ ಮೂಲೆಗೆ ಒಂದೊಂದು ಉದ್ದ ಕಡ್ಡಿ ಸೇರಿಸಿದರೆ ಅದೂ ಕಲ್ಲಿನಂತಾಗುತ್ತದೆ. ಹೆದ್ದಾರಿ ಬದಿಯ ವಿದ್ಯುತ್ ಟವರಿನ ಓರೆ ಪಟ್ಟಿಗಳ ಕೆಲಸವೂ ಇದೇ. ಒಟ್ಟು ಎಷ್ಟು ಕಡ್ಡಿ ಬೇಕೆನ್ನುವುದಕ್ಕೂ ಲೆಕ್ಕವಿದೆ: ಕಾಳುಗಳನ್ನು ಮೂರರಿಂದ ಗುಣಿಸಿ ಆರು ಕಳೆಯಿರಿ. ನಾಲ್ಕು ಕಾಳಿಗೆ ಆರು, ಎಂಟು ಕಾಳಿಗೆ ಹದಿನೆಂಟು. ಓರೆ ಕಡ್ಡಿಗಳು ಅಂಚಿನ ಕಡ್ಡಿಯ 1.41ರಷ್ಟು ಉದ್ದವಿರಬೇಕು, ಅಂಚು ಹತ್ತು ಸೆಂಟಿಮೀಟರಾದರೆ ಓರೆ ಹದಿನಾಲ್ಕು ಚಿಲ್ಲರೆ. ಕಡ್ಡಿ ಚುಚ್ಚುವಾಗ ಕಾಳು ಸೀಳಿದರೆ ಇನ್ನೊಂದು ಗಂಟೆ ನೆನೆಯಲು ಬಿಡಿ. ಎರಡು ದಿನ ನೆರಳಲ್ಲಿ ಒಣಗಿಸಿದರೆ ಕಾಳು ಕುಗ್ಗಿ ಕಡ್ಡಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಅದರ ಮೇಲೆ ನೋಟ್‌ಬುಕ್ ಒಂದೊಂದೇ ಹೇರುತ್ತಾ ಹೋಗಿ, ಓರೆ ಕಡ್ಡಿ ಇಲ್ಲದ ಘನ ಎಷ್ಟಕ್ಕೆ ವಾಲಿತು, ಇದ್ದದ್ದು ಎಷ್ಟಕ್ಕೆ ಎಂದು ಮಕ್ಕಳೇ ಬರೆದಿಡಲಿ.